ಪರದೇಶದ ಸೇವೆ, ನಮ್ಮ ಮಠಗಳ ಹೊಣೆ



ಕಳೆದ ತಿಂಗಳು ಕುಮಟಾ ತಾಲೂಕಿನ ಹಿರೇಗುತ್ತಿಗೆ ಹೋಗಿದ್ದೆ. ಕುಮಟಾದಿಂದ ಗೋಕರ್ಣಕ್ಕೆ ಹೊರಟವರು ಮಿರ್ಜಾನ ದಾಟಿ ಹೆದ್ದಾರಿಯಲ್ಲಿ ಈ ಊರನ್ನು ಹಾದೇ ಹೋಗುತ್ತಾರೆ, ನಿಲ್ಲುವವರು ಕಡಿಮೆ. ಕರಾವಳಿಯ ಈ ಭಾಗದಲ್ಲಿ ನಮ್ಮವರ ಮನೆಗಳೂ ವಿರಳ. ನೌಕರಿಗೆಂದು ಘಟ್ಟ ಇಳಿದು ಬಂದು ಇಲ್ಲೇ ನೆಲೆನಿಂತವರು ಅಲ್ಲೊಂದು ಇಲ್ಲೊಂದು ಸಿಗುತ್ತಾರೆ. ನಾನು ಹೋದದ್ದು ಅಂಥದೊಂದು ಮನೆಗೆ. ಯಜಮಾನರು ಹಾವೇರಿ ಕಡೆಯವರು, ನಿವೃತ್ತ ಶಿಕ್ಷಕರು, ಈ ಪತ್ರಿಕೆಯ ಹಳೆಯ ಚಂದಾದಾರರು. ಮಗಳ ವಿಷಯದಲ್ಲಿ ಒಂದು ಮಾತು ಕೇಳಬೇಕಾಗಿದೆ, ಬಂದು ಹೋಗಿ ಎಂದು ಎರಡು ಸಲ ಫೋನ್ ಮಾಡಿದ್ದರು.

ಮಗಳು ಜನರಲ್ ನರ್ಸಿಂಗ್ ಓದಿ ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದಾಳೆ. ಒಬ್ಬ ಏಜೆಂಟ ಅವಳಿಗೆ ಜರ್ಮನಿಯ ದಾರಿ ತೋರಿಸಿದ್ದಾನೆ. ಮೊದಲು ಒಂದು ವರ್ಷ ಅಲ್ಲಿನ ವೃದ್ಧಾಶ್ರಮದಲ್ಲಿ ಸ್ವಯಂಸೇವೆ, ಆಮೇಲೆ ಖಾಯಂ ನೌಕರಿ, ಅದರ ಹಿಂದೆ ಅಲ್ಲಿಯೇ ನೆಲೆಸುವ ಅವಕಾಶ. "ಕಾಕಾ, ಮೂರೂವರೆ ಲಕ್ಷ ಕೇಳ್ಯಾನ್ರಿ. ಒಂದು ಲಕ್ಷ ಮೊದಲ ಕೊಡಬೇಕಂತ," ಎಂದಳು ಹುಡುಗಿ. ಪಾಸ್‌ಪೋರ್ಟಿನ ಮೂಲಪ್ರತಿ ಆಗಲೇ ಅವನ ಕೈ ಸೇರಿತ್ತು. ತಾಯಿ ತಮ್ಮ ಪಾಟಲಿಗಳನ್ನು ಒಂದು ಕರವಸ್ತ್ರದಲ್ಲಿ ಕಟ್ಟಿ ದೇವರ ಜಗಲಿಯ ಮೇಲೆ ಇಟ್ಟಿದ್ದರು. ಮಾರನೆಯ ದಿನ ಕುಮಟಾಕ್ಕೆ ಒಯ್ದು ಅಡವಿಡುವುದೆಂದು ನಿಶ್ಚಯವಾಗಿತ್ತು.

ಅಂದು ಆ ಮನೆಯಲ್ಲಿ ಎರಡು ಪ್ರಶ್ನೆ ಎದ್ದವು. ಒಂದನ್ನು ಹುಡುಗಿಯ ಸೋದರತ್ತೆ ಎತ್ತಿದರು. ಮಾತು ಕಟುವಾಗಿತ್ತು, ಆದರೆ ನಮ್ಮ ಎಷ್ಟೋ ಮನೆಗಳ ಮಾತು ಅದೇ: "ಲಿಂಗವಂತರ ಮನಿ ಹುಡುಗಿ ಪರದೇಶಕ್ಕ ಹೋಗಿ ಮಂದಿ ಮುದುಕರ ಮೈ ತೊಳೀಬೇಕೇನು?" ಹುಡುಗಿ ನಕ್ಕು, "ಹುಬ್ಬಳ್ಳ್ಯಾಗ ಏನ್ ಮಾಡಾಕತ್ತೀನಂತ ತಿಳಿದೀರಿ ಅತ್ತಿ?" ಎಂದಳು. ಅತ್ತೆ ಸುಮ್ಮನಾದರು. ನಾನು ಸುಮ್ಮನಿರಲಾರೆ. ಬಟ್ಟೆ ಒಗೆಯುವ ಮಾಚಿದೇವರನ್ನು, ಹಡಪ ಹಿಡಿದ ಅಪ್ಪಣ್ಣನವರನ್ನು, ಹಗ್ಗ ಹೊಸೆದು ಮಾರಿದ ನುಲಿಯ ಚಂದಯ್ಯನವರನ್ನು ವೇದಿಕೆಯ ಮೇಲೆ ನೆನೆದು ಕಣ್ಣೀರು ತುಂಬಿಕೊಳ್ಳುವ ನಾವು, ಮನೆಗೆ ಬಂದ ಕೂಡಲೇ ಮೈ ತೊಳೆಯುವ ಕೆಲಸ ಕೀಳು ಎನ್ನುತ್ತೇವೆ. ಸೂತಕಗಳನ್ನು ತಳ್ಳಿಹಾಕಿದ ಧರ್ಮದವರು ನಾವು. ಹಾಸಿಗೆ ಹಿಡಿದ ಮುದುಕಿಯ ಬೆನ್ನಿನ ಹುಣ್ಣು ಒರೆಸುವ ಕೈಗೆ ಯಾವ ಮೈಲಿಗೆ? ಬಸವ ಜಯಂತಿಯ ಮೆರವಣಿಗೆಯಲ್ಲಿ ಕುದುರೆಯ ಮುಂದೆ ನಡೆಯುವವರಿಗೆ ಈ ಪ್ರಶ್ನೆ ಕೇಳಿದರೆ ಉತ್ತರ ಬರುವುದಿಲ್ಲ.

ಎರಡನೆಯ ಪ್ರಶ್ನೆ ತಂದೆಯದು. ಅವರು ತಗ್ಗಿದ ದನಿಯಲ್ಲಿ ಕೇಳಿದರು: "ಸೇವಾ ಅಂತ ಹೋಗೂದು, ಮನಸ್ಸಿನ್ಯಾಗ ನೌಕರಿ ಇಟ್ಕೊಂಡು. ಇದು ದಾಸೋಹದ ಹೆಸರಿನ್ಯಾಗ ವ್ಯಾಪಾರ ಆಗೂದಿಲ್ಲೇನ್ರಿ?" ಶಿಕ್ಷಕರಾಗಿದ್ದವರು, ಪ್ರಶ್ನೆ ಸರಿಯಾಗಿಯೇ ಕೇಳಿದರು. ನನಗೆ ಅಲ್ಲಿ ಕೂಡಲೇ ಉತ್ತರ ಹೊಳೆಯಲಿಲ್ಲ. ಈ ಸಂಪಾದಕೀಯ ಹುಟ್ಟಿದ್ದು ಅದರಿಂದ.

ಶರಣರಲ್ಲಿ ಸೇವೆ ಬೇರೆ, ಅನ್ನ ಬೇರೆ ಆಗಿರಲಿಲ್ಲ. ಕಾಯಕ ಎಂದರೆ ಕೂಲಿಯಿಲ್ಲದ ಕೆಲಸವಲ್ಲ. ದುಡಿದು ಗಳಿಸಿ, ಗಳಿಸಿದ್ದರಲ್ಲಿ ತನಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಜಂಗಮಕ್ಕೆ, ಸಮಾಜಕ್ಕೆ ಸಲ್ಲಿಸುವುದು ಅವರ ಕ್ರಮ. ಹಾಗಾಗಿ ಒಬ್ಬ ಹುಡುಗಿ ಒಂದು ವರ್ಷ ಸೇವೆ ಮಾಡಿ, ಆ ಸೇವೆಯಲ್ಲಿ ಕೆಲಸ ಕಲಿತು, ಅದರಿಂದ ಮುಂದೆ ಅನ್ನ ಹುಡುಕಿಕೊಂಡರೆ ಶರಣಧರ್ಮಕ್ಕೆ ಕುಂದಿಲ್ಲ. ಕುಂದು ಬರುವುದು ಆಯ್ದಕ್ಕಿ ಮಾರಯ್ಯನವರ ಪ್ರಸಂಗದಲ್ಲಿ ಬಂದ ಹಾಗೆ. ಅಂದು ಅವರು ದಿನದ ಅಳತೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ತಾಯಿ ಅದನ್ನು ಅಲ್ಲಿಯೇ ಸುರಿದು ಬನ್ನಿ ಎಂದರು. ಅಕ್ಕಿ ಆಯುವುದು ತಪ್ಪಾಗಿರಲಿಲ್ಲ, ಅಳತೆ ಮೀರಿತ್ತು. ಸೇವೆಯ ವೀಸಾ ಹಿಡಿದು ಹೋಗಿ, ಮೂರನೆಯ ತಿಂಗಳಿಗೆ ವೃದ್ಧರನ್ನು ಬಿಟ್ಟು ಬೇರೆ ಕಡೆ ಕಾಸಿಗೆ ಕೆಲಸ ಮಾಡಲು ಓಡಿಹೋಗುವವರೂ ಇದ್ದಾರೆ. ಅಲ್ಲಿ ತಪ್ಪಿದ್ದು ಅಳತೆ.

ಪರದೇಶದಿಂದ ಬಂದು ಸೇವೆಗೆ ನಿಲ್ಲುವುದು ನಮಗೆ ಹೊಸದೂ ಅಲ್ಲ. ಮರುಳಶಂಕರದೇವರು ದೂರದ ಅಫ್ಘಾನಿಸ್ತಾನದ ಕಡೆಯಿಂದ ಕಲ್ಯಾಣಕ್ಕೆ ಬಂದವರೆಂದು ಪರಂಪರೆ ಹೇಳುತ್ತದೆ. ಪ್ರಸಾದಕುಂಡದ ಬಳಿ ಯಾರ ಕಣ್ಣಿಗೂ ಬೀಳದೆ ವರ್ಷಗಟ್ಟಲೆ ಸೇವೆ ಮಾಡಿದ ಅವರನ್ನು ಅಲ್ಲಮಪ್ರಭುಗಳು ಗುರುತಿಸಿದರು. ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದ ಬಂದು ಕಟ್ಟಿಗೆ ಹೊತ್ತರು. ಕಲ್ಯಾಣ ಆ ಕಾಲಕ್ಕೆ ಹೊರಗಿನವರನ್ನು ದುಡಿಸಿ ಬೆಳೆಸಿದ ಊರು. ಇಂದು ನಮ್ಮ ಮಕ್ಕಳು ಬೇರೆಯವರ ಊರಿಗೆ ಹೊರಟಿದ್ದಾರೆ, ಅಷ್ಟೇ.

ಇತ್ತೀಚಿನ ಕಾಲದ ಇಬ್ಬರನ್ನು ನೆನೆಯುತ್ತೇನೆ. ಇಬ್ಬರ ಹೆಸರೂ ಹತ್ತಿರ ಹತ್ತಿರ, ನಮ್ಮ ಸಭೆಗಳಲ್ಲಿ ಭಾಷಣಕಾರರು ಒಬ್ಬರನ್ನು ಇನ್ನೊಬ್ಬರೆಂದು ಹೇಳಿದ್ದನ್ನು ನಾನೇ ಕೇಳಿದ್ದೇನೆ. ಒಬ್ಬರು ಇದೇ ಉತ್ತರ ಕನ್ನಡ ಜಿಲ್ಲೆಯ ಬನವಾಸಿಯಲ್ಲಿ 1886ರಲ್ಲಿ ಹುಟ್ಟಿದ ಹರ್ಡೇಕರ ಮಂಜಪ್ಪನವರು. ಶಿರಸಿಯಲ್ಲಿ ಶಿಕ್ಷಕರಾಗಿದ್ದ ಅವರು ಸ್ವದೇಶಿ ಚಳವಳಿಯ ಕಾಲಕ್ಕೆ ಸರಕಾರಿ ನೌಕರಿ ಬಿಟ್ಟರು, ದಾವಣಗೆರೆಯಲ್ಲಿ 'ಧನುರ್ಧಾರಿ' ಪತ್ರಿಕೆ ನಡೆಸಿದರು, 1913ರಲ್ಲಿ ಅಲ್ಲಿ ಬಸವ ಜಯಂತಿಯನ್ನು ಆರಂಭಿಸಿದರು. ಇನ್ನೊಬ್ಬರು ಧಾರವಾಡದಲ್ಲಿ ಹುಟ್ಟಿದ ಡಾ. ನಾರಾಯಣ ಸುಬ್ಬರಾವ್ ಹರ್ಡೀಕರರು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಓದಿದರು. ಅಲ್ಲಿಯೇ ಲಾಲಾ ಲಜಪತರಾಯರ ಜೊತೆ ಸೇರಿ ಹೋಮ್ ರೂಲ್ ಲೀಗಿನ ಕಚೇರಿ ಕೆಲಸ, ಪ್ರಚಾರ, ಸಂಘಟನೆ ಎಲ್ಲವನ್ನೂ ಮಾಡಿದರು. ಮರಳಿ ಹುಬ್ಬಳ್ಳಿಗೆ ಬಂದು, 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿದರು. ಮುಂದೆ ರಾಜ್ಯಸಭೆಯ ಸದಸ್ಯರಾದರು. ಮೊದಲನೆಯವರು ನೌಕರಿ ಬಿಟ್ಟು ಸೇವೆಗೆ ಬಂದರು. ಎರಡನೆಯವರಿಗೆ ಪರದೇಶದ ಸೇವೆಯೇ ಜೀವಮಾನದ ಕೆಲಸ ಕಲಿಸಿತು. ಎರಡೂ ದಾರಿ ನಮ್ಮವೇ.

ಇನ್ನು ಲೋಕದ ವಿಷಯ. ನಮ್ಮ ತರುಣರು ಏಜೆಂಟರ ಬಾಯಿಂದ ಕೇಳುವ ಮೊದಲು ಈ ಪತ್ರಿಕೆಯಲ್ಲಿ ಓದಲಿ ಎಂದು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಜರ್ಮನಿಯಲ್ಲಿ ಸೇವಾವರ್ಷ ಎಂಬುದು ನಿಜವಾಗಿಯೂ ಇದೆ. ತರುಣರ ಸಾಮಾಜಿಕ ಸೇವಾವರ್ಷಕ್ಕೆ ಅಲ್ಲಿ 1964ರಿಂದ ಕಾನೂನಿನ ಆಧಾರವಿದೆ. 2011ರಲ್ಲಿ ಕಡ್ಡಾಯ ಸೈನಿಕ ಸೇವೆ ನಿಂತಾಗ ಒಕ್ಕೂಟ ಸರಕಾರವೇ ಇನ್ನೊಂದು ಸ್ವಯಂಸೇವಾ ಯೋಜನೆ ಆರಂಭಿಸಿತು. ವೃದ್ಧಾಶ್ರಮ, ಆಸ್ಪತ್ರೆ, ಅಂಗವಿಕಲರ ಮನೆ, ಶಿಶುವಿಹಾರಗಳಲ್ಲಿ ಸಾಮಾನ್ಯವಾಗಿ ಹನ್ನೆರಡು ತಿಂಗಳ ಕೆಲಸ. ವಿದೇಶಿಯರೂ ಅರ್ಜಿ ಹಾಕಬಹುದು. ಕೊಡುವುದು ಸಂಬಳವಲ್ಲ, ಕೈಖರ್ಚಿನ ಹಣ. ಜೊತೆಗೆ ವಿಮೆ, ಅನೇಕ ಕಡೆ ವಸತಿ ಮತ್ತು ಊಟ. ತರುಣರಿಗೆ ವರ್ಷದಲ್ಲಿ 25 ದಿನ ತರಬೇತಿ ಶಿಬಿರ, ಕೊನೆಗೆ ಮಾಡಿದ ಕೆಲಸದ ಪ್ರಮಾಣಪತ್ರ. ಆ ಕೈಖರ್ಚಿನಲ್ಲಿ ಊರಿನ ಸಾಲ ತೀರಿಸುತ್ತೇನೆಂದು ಯಾರಾದರೂ ಲೆಕ್ಕ ಹಾಕಿದ್ದರೆ ಆ ಲೆಕ್ಕವನ್ನು ಇವತ್ತೇ ಹರಿದುಹಾಕಬೇಕು.

ಹಾಗಾದರೆ ಆ ವರ್ಷದಿಂದ ಏನು ಬರುತ್ತದೆ? ಭಾಷೆ ಬರುತ್ತದೆ, ಪುಸ್ತಕದ್ದಲ್ಲ, ಹಲ್ಲಿಲ್ಲದ ಅಜ್ಜಿ ಮಾತಾಡುವ ಭಾಷೆ. ಈ ಕೆಲಸ ತನಗೆ ಒಗ್ಗುತ್ತದೋ ಇಲ್ಲವೋ ಎಂಬುದು ಗೊತ್ತಾಗುತ್ತದೆ. ಮುಂದೆ ನರ್ಸಿಂಗ್ ತರಬೇತಿಗೆ ಅರ್ಜಿ ಹಾಕುವಾಗ, ಈ ಹುಡುಗ ಬೆಳಗಿನ ಪಾಳಿಗೆ ಸರಿಯಾಗಿ ಬರುತ್ತಾನೆ ಎಂದು ಹೇಳುವ ಒಬ್ಬ ಮೇಲ್ವಿಚಾರಕಿ ಸಿಗುತ್ತಾಳೆ. ಅಲ್ಲಿನ ನರ್ಸಿಂಗ್ ತರಬೇತಿ ಮೂರು ವರ್ಷದ್ದು. ತರಬೇತಿಯ ಮೊದಲ ವರ್ಷದಿಂದಲೇ ವಿದ್ಯಾರ್ಥಿಗೆ ತಿಂಗಳ ಸಂಭಾವನೆ ಇರುತ್ತದೆ, ಸಾಮಾನ್ಯವಾಗಿ ಸಾವಿರ ಯೂರೋಗಿಂತ ಹೆಚ್ಚು. ಸೇವಾವರ್ಷ ಮುಗಿಸಿದ ಕೇರಳದ ಅನೇಕ ತರುಣರು ಈ ದಾರಿ ಹಿಡಿದಿದ್ದಾರೆ. ಪಿಯುಸಿ ಮುಗಿಸಿ ಮುಂದೇನೆಂದು ತಿಳಿಯದ, ಆದರೆ ಮೈಮುರಿದು ದುಡಿಯಬಲ್ಲ ಹುಡುಗ ಹುಡುಗಿಯರಿಗೆ ಇದು ಗೌರವದ ದಾರಿ. ಚಳಿ, ಒಂಟಿತನ, ರಾತ್ರಿ ಪಾಳಿ ಇವನ್ನೂ ಹೇಳಿಯೇ ಕಳಿಸಬೇಕು.

ಆದರೆ ಹಿರೇಗುತ್ತಿಯ ಈ ಹುಡುಗಿಗೆ ಆ ದಾರಿ ಬೇಕಾಗಿಯೇ ಇರಲಿಲ್ಲ! ಅವಳು ಆಗಲೇ ನರ್ಸು. ಅವಳ ಕೈಯಲ್ಲಿ ಮೂರು ವರ್ಷದ ಡಿಪ್ಲೊಮಾ ಇದೆ, ಎರಡು ವರ್ಷದ ಅನುಭವ ಇದೆ. ಅಂಥವರು ಜರ್ಮನಿಯಲ್ಲಿ ತಮ್ಮ ವಿದ್ಯಾರ್ಹತೆಗೆ ಮಾನ್ಯತೆ ಕೇಳಬಹುದು. ಅಲ್ಲಿನ ರಾಜ್ಯದ ಅಧಿಕಾರಿಗಳು ನಮ್ಮ ಪಠ್ಯವನ್ನು ತಮ್ಮದರೊಂದಿಗೆ ಹೋಲಿಸುತ್ತಾರೆ. ಕೊರತೆ ಕಂಡರೆ ಕೆಲವು ತಿಂಗಳ ಪೂರಕ ತರಬೇತಿ ಅಥವಾ ಒಂದು ಪರೀಕ್ಷೆ. ಭಾಷೆ ಬಿ2 ಮಟ್ಟಕ್ಕೆ ಬರಬೇಕು. ಮಾನ್ಯತೆ ಬರುವ ತನಕ ಸಹಾಯಕಿಯಾಗಿ ಸಂಬಳಕ್ಕೇ ಕೆಲಸ ಮಾಡಬಹುದು. ಇಷ್ಟು ಇರುವಾಗ ಕಲಿತ ನರ್ಸನ್ನು ಕಲಿಯದ ಸ್ವಯಂಸೇವಕಿಯನ್ನಾಗಿ ಕಳಿಸುವುದೆಂದರೆ ಅವಳ ಐದು ವರ್ಷವನ್ನು ಅರಬ್ಬಿ ಸಮುದ್ರಕ್ಕೆ ಎಸೆದ ಹಾಗೆ. ಏಜೆಂಟನಿಗೆ ಅದು ಗೊತ್ತಿರಲಿಲ್ಲವೆಂದಲ್ಲ. ಸೇವೆಯ ವೀಸಾಕ್ಕೆ ಭಾಷೆ ಸ್ವಲ್ಪ ಸಾಕು, ಕೆಲಸ ಬೇಗ ಆಗುತ್ತದೆ, ಅವನ ಹಣ ಬೇಗ ಕೈಗೆ ಬರುತ್ತದೆ.

ಹಣದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮ ಇದೆ. 1983ರ ವಲಸೆ ಕಾಯ್ದೆಯಡಿ ವಿದೇಶಿ ನೌಕರಿಗೆ ಕಳಿಸುವ ಏಜೆಂಟ ನೋಂದಣಿ ಮಾಡಿಸಿರಬೇಕು, ಅಭ್ಯರ್ಥಿಯಿಂದ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಗಿಂತ ಹೆಚ್ಚು ಸೇವಾಶುಲ್ಕ ಪಡೆಯುವಂತಿಲ್ಲ. ನೋಂದಣಿ ಇದೆಯೇ ಎಂಬುದನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಹಾಗಿದ್ದರೆ ಮೂರೂವರೆ ಲಕ್ಷ ಎಲ್ಲಿಂದ ಬಂತು? "ಇದು ನೌಕರಿಯಲ್ಲ, ಸೇವೆ" ಎಂಬ ಒಂದು ಮಾತಿನಿಂದ. ನೌಕರಿಯ ಆಸೆ ತೋರಿಸಿ ಹಣ ಕೇಳುವುದು, ಕಾಯ್ದೆ ಅಡ್ಡ ಬಂದಾಗ ಸೇವೆ ಎನ್ನುವುದು. ದಾಸೋಹ ಎಂಬ ನಮ್ಮ ಪವಿತ್ರ ಕಲ್ಪನೆಯನ್ನು ದಲ್ಲಾಳಿ ಹೀಗೆ ರಸೀದಿ ಪುಸ್ತಕದ ರಟ್ಟು ಮಾಡಿಕೊಂಡಿದ್ದಾನೆ. ತಂದೆಯವರು ಕೇಳಿದ 'ವ್ಯಾಪಾರ' ಇದ್ದದ್ದು ಇಲ್ಲಿ, ಮಗಳ ಮನಸ್ಸಿನಲ್ಲಿ ಅಲ್ಲ.

ಉಳಿದ ದಾರಿಗಳನ್ನು ಬೇಗ ಹೇಳುತ್ತೇನೆ. ವಿಶ್ವಸಂಸ್ಥೆಯ ಸ್ವಯಂಸೇವಕ ಕಾರ್ಯಕ್ರಮ 1970ರಲ್ಲಿ ಸ್ಥಾಪನೆಯಾದದ್ದು, ಕೇಂದ್ರ ಕಚೇರಿ ಜರ್ಮನಿಯ ಬಾನ್ ನಗರದಲ್ಲಿ. ಅರ್ಜಿಗೆ ಒಂದು ಪೈಸೆಯೂ ಇಲ್ಲ. ಆಯ್ಕೆಯಾದವರಿಗೆ ಜೀವನ ಭತ್ಯೆ, ವಿಮೆ, ಪ್ರಯಾಣದ ವ್ಯವಸ್ಥೆ ಇರುತ್ತದೆ. ಸೇವೆ ಮುಗಿದ ಮೇಲೆ ವಿಶ್ವಸಂಸ್ಥೆಯ ನೌಕರಿ ತಾನಾಗಿ ಸಿಗುತ್ತದೆ ಎಂಬುದು ಸುಳ್ಳು, ಎಲ್ಲರ ಹಾಗೆ ಸ್ಪರ್ಧಿಸಬೇಕು. ಆದರೆ ಎಂಜಿನಿಯರ್, ವೈದ್ಯ, ಕೃಷಿ ಪದವೀಧರರಿಗೆ ಆ ಅನುಭವದ ತೂಕ ಸಣ್ಣದಲ್ಲ. ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ಅನುವಾದ, ವಿನ್ಯಾಸ, ಬರವಣಿಗೆಯ ಸೇವೆ ಮಾಡುವ ವ್ಯವಸ್ಥೆಯೂ ಅಲ್ಲಿದೆ. ಹಿರೇಗುತ್ತಿಯ ಜಗಲಿಯಿಂದಲೇ ಮಾಡಬಹುದು, ಪಾಸ್‌ಪೋರ್ಟೂ ಬೇಡ. ಬ್ರಿಟನ್ನಿನ ಧರ್ಮಾರ್ಥ ಸೇವಾ ವೀಸಾ ಮಾತ್ರ ಬೇರೆ ತರಹ. ಹೆಚ್ಚೆಂದರೆ ಹನ್ನೆರಡು ತಿಂಗಳು, ಸಂಬಳ ಪಡೆಯುವಂತಿಲ್ಲ, ಖಾಯಂ ಹುದ್ದೆ ಹಿಡಿಯುವಂತಿಲ್ಲ. ಅದನ್ನು ನೌಕರಿಯ ಮೆಟ್ಟಿಲು ಎಂದು ಮಾರುವವನನ್ನು ನಂಬಬೇಡಿ. ಇನ್ನು ಹಣ ಕೊಟ್ಟು ಎರಡು ವಾರ ಅನಾಥಾಶ್ರಮದಲ್ಲಿ ಮಕ್ಕಳನ್ನು ಆಡಿಸಿ ಫೋಟೋ ತೆಗೆಸಿಕೊಂಡು ಬರುವ ಪ್ರವಾಸಗಳೂ ಇವೆ. ನೇಪಾಳ, ಕಾಂಬೋಡಿಯಾಗಳಲ್ಲಿ ಇಂಥ ಅತಿಥಿಗಳಿಗಾಗಿಯೇ ತಂದೆತಾಯಿ ಇರುವ ಮಕ್ಕಳನ್ನು ಅನಾಥರೆಂದು ಕೂಡಿಹಾಕಿದ್ದು ಬಯಲಾಗಿದೆ. ಆ ಮಾತು ಇಲ್ಲಿಗೆ ಸಾಕು.

ಈಗ ನಮ್ಮ ಮಠಗಳ ಮಾತು. ಪೂಜ್ಯರು ಮನ್ನಿಸಬೇಕು, ಹೇಳಲೇಬೇಕಾಗಿದೆ.

2019ರ ಆಗಸ್ಟಿನ ನೆರೆಯನ್ನು ಯಾರೂ ಮರೆತಿಲ್ಲ. ಕೃಷ್ಣಾ, ಮಲಪ್ರಭಾ, ಘಟಪ್ರಭಾ ಉಕ್ಕಿದವು. ಇತ್ತ ಗಂಗಾವಳಿ, ಅಘನಾಶಿನಿಗಳೂ ಉಕ್ಕಿದವು. ಈ ಹುಡುಗಿ ಆಗ ಘಟ್ಟದ ಮೇಲೆ ಅಜ್ಜಿಯ ಮನೆಯಲ್ಲಿದ್ದು ಪಿಯುಸಿ ಓದುತ್ತಿದ್ದಳು. ಅಲ್ಲಿಯ ಮಠವೊಂದು ತೆರೆದ ಪರಿಹಾರ ಕೇಂದ್ರದಲ್ಲಿ ಹನ್ನೆರಡು ದಿನ ಇದ್ದು ವೃದ್ಧೆಯರಿಗೆ ಊಟ ಮಾಡಿಸಿದಳು, ಔಷಧಿ ಹೊತ್ತುಹೊತ್ತಿಗೆ ಕೊಟ್ಟಳು, ನಡೆಯಲಾಗದವರನ್ನು ಶೌಚಕ್ಕೆ ಕರೆದೊಯ್ದಳು. ನರ್ಸಿಂಗ್ ಓದಬೇಕೆಂಬ ಮನಸ್ಸು ಅಲ್ಲಿಯೇ ಹುಟ್ಟಿತಂತೆ. ವಿದೇಶಿ ಆಸ್ಪತ್ರೆ ಮೊದಲು ಕೇಳುವುದು ಇಂಥದ್ದನ್ನೇ: ನೀನು ಹಿಂದೆ ಯಾರ ಸೇವೆ ಮಾಡಿದ್ದೀ, ಎಷ್ಟು ದಿನ, ಯಾರು ನೋಡಿದ್ದಾರೆ? ಅವಳು ಆ ಮಠದ ಕಚೇರಿಗೆ ಪತ್ರ ಕೇಳಿದಳು. ಪತ್ರ ಬಂತು, ನನಗೂ ತೋರಿಸಿದಳು. ಲೆಟರ್‌ಹೆಡ್ಡು ಭವ್ಯವಾಗಿದೆ, ಮೇಲೆ ಬಸವಣ್ಣನವರ ಭಾವಚಿತ್ರ, ಕೆಳಗೆ ಮೊಹರು. ನಡುವೆ ಎರಡು ಸಾಲು: ಸದರಿ ವಿದ್ಯಾರ್ಥಿನಿಯು ನಮಗೆ ಪರಿಚಿತಳಿದ್ದು ಸನ್ನಡತೆಯುಳ್ಳವಳಾಗಿರುತ್ತಾಳೆ.

ಹನ್ನೆರಡು ದಿನದ ದುಡಿಮೆ 'ಸನ್ನಡತೆ' ಎಂಬ ಒಂದು ಶಬ್ದದಲ್ಲಿ ಮುಳುಗಿಹೋಯಿತು. ಇದು ಆ ಒಂದು ಮಠದ ದೋಷವಲ್ಲ. ಜಾತ್ರೆಯಲ್ಲಿ, ಪ್ರಸಾದ ನಿಲಯದಲ್ಲಿ, ಉಚಿತ ಚಿಕಿತ್ಸಾ ಶಿಬಿರದಲ್ಲಿ ಸಾವಿರಾರು ತರುಣರು ದುಡಿಯುತ್ತಾರೆ. ದೇಣಿಗೆ ಕೊಟ್ಟವರ ಹೆಸರು ಕಲ್ಲಿನಲ್ಲಿ ಕೊರೆಸುತ್ತೇವೆ, ದುಡಿದವರ ಹೆಸರು ಒಂದು ನೋಟುಬುಕ್ಕಿನಲ್ಲೂ ಇಲ್ಲ. ಒಂದು ದಾಖಲೆ ಪುಸ್ತಕ ಇಡಲು ಏನು ಖರ್ಚು? ಯಾರು, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ದಿನಕ್ಕೆ ಎಷ್ಟು ತಾಸು, ಯಾವ ಕೆಲಸ, ಮೇಲ್ವಿಚಾರಣೆ ಯಾರದು. ಕೇಳಿದಾಗ ಅದರಿಂದ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದು ಪುಟದ ಪತ್ರ. ಅಡುಗೆಮನೆಯಲ್ಲಿ ಐನೂರು ಜನರಿಗೆ ಅನ್ನ ಬೇಯಿಸಿದ ಹುಡುಗ ಯಾವ ದೇಶಕ್ಕೆ ಹೋದರೂ ಅದನ್ನು ಎದೆತಟ್ಟಿ ಹೇಳಬಹುದು. ಹೇಳಲು ಕಾಗದ ಬೇಕು.

ಶಿರಸಂಗಿ ಲಿಂಗರಾಜರು ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಬಿಟ್ಟುಹೋದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೆ.ಎಲ್.ಇ. ಸಂಸ್ಥೆಗೆ ತಮ್ಮ ಬಾಳನ್ನೇ ಕೊಟ್ಟರು. ಅವರ ಕಾಲಕ್ಕೆ ಮಕ್ಕಳಿಗೆ ಬೇಕಾದದ್ದು ಇಂಗ್ಲಿಷ್ ಶಾಲೆ, ವಸತಿ ನಿಲಯ. ಇಂದಿನವರಿಗೆ ಅದರ ಜೊತೆ ಇನ್ನೊಂದು ಸಣ್ಣ ಸಂಗತಿ ಬೇಕು. ನಿಲಯಗಳಲ್ಲಿ ಸಂಜೆ ಒಂದು ತಾಸು ಜರ್ಮನ್ ಕಲಿಸುವವರು ಸಿಕ್ಕರೆ ಸಾಕು, ಬೆಂಗಳೂರಿನ ಮ್ಯಾಕ್ಸ್‌ಮುಲ್ಲರ್ ಭವನದಲ್ಲಿ ಪರೀಕ್ಷೆ ಬರೆಯಬಹುದು. ಬಡ್ಡಿಯಿಲ್ಲದೆ ಪರೀಕ್ಷೆಯ ಶುಲ್ಕ, ವಿಮಾನದ ಟಿಕೆಟ್ಟಿನಷ್ಟು ಸಾಲ ಕೊಡುವ ಒಂದು ನಿಧಿ ಇದ್ದರೆ ಯಾವ ತಾಯಿಯೂ ಪಾಟಲಿ ಬಿಚ್ಚಬೇಕಿಲ್ಲ. ಹೋಗಿ ದುಡಿದವರು ತೀರಿಸಲಿ, ತೀರಿದ ಹಣ ಮುಂದಿನವರಿಗೆ ಹೋಗಲಿ. ರಾಜ್ಯ ಸರಕಾರದ ಕೌಶಲ್ಯಾಭಿವೃದ್ಧಿ ನಿಗಮದಲ್ಲಿ ಅಂತಾರಾಷ್ಟ್ರೀಯ ವಲಸೆ ಕೇಂದ್ರ ಇದೆ, ಅದರೊಂದಿಗೆ ಮಠದ ಕಚೇರಿಯಿಂದ ಒಬ್ಬರು ಸಂಪರ್ಕ ಇಟ್ಟುಕೊಳ್ಳಲಿ. ಈ ಶಿಫಾರಸು ಗಂಡುಮಕ್ಕಳಿಗಷ್ಟೇ ಹೋಗಬಾರದು ಎಂಬುದನ್ನೂ ಹೇಳಿಬಿಡುತ್ತೇನೆ, ನಮ್ಮಲ್ಲಿ ಅದು ತಾನಾಗಿಯೇ ಹಾಗೆ ಆಗಿಬಿಡುತ್ತದೆ.

ಮಕ್ಕಳು ಹೋದರೆ ಊರು ಬರಿದಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯ ಇದೆ. ಭಟ್ಕಳ, ಹೊನ್ನಾವರ, ಕುಮಟಾದ ಎಷ್ಟೋ ಮನೆಗಳಲ್ಲಿ ದುಡಿಯುವವರು ಕೊಲ್ಲಿ ದೇಶಗಳಲ್ಲಿ, ಮುಂಬಯಿಯಲ್ಲಿ, ಬೆಂಗಳೂರಿನಲ್ಲಿ. ಅಘನಾಶಿನಿಯ ಗಜನಿಗಳಲ್ಲಿ ಕಗ್ಗ ಭತ್ತ ಬೆಳೆಯುವವರ ಸಂಖ್ಯೆ ಇಳಿಯುತ್ತ ಬಂದಿದೆ. ನಮ್ಮ ಆಸ್ಪತ್ರೆಗಳಿಗೂ ನರ್ಸುಗಳು ಬೇಕು. ಆದರೆ ಅವರಿಗೆ ಇಲ್ಲಿ ಎಂಥ ಸಂಬಳ, ಎಷ್ಟು ತಾಸಿನ ಪಾಳಿ ಎಂಬುದನ್ನು ಮೊದಲು ನೋಡಿ ಆಮೇಲೆ ಅವರ ದೇಶಭಕ್ತಿಯನ್ನು ಪ್ರಶ್ನಿಸೋಣ. ನಮ್ಮ ಸಮಾಜದ ಆಡಳಿತ ಮಂಡಳಿಗಳು ನಡೆಸುವ ಆಸ್ಪತ್ರೆಗಳೂ ಈ ಮಾತಿನಿಂದ ಹೊರತಲ್ಲ.

ಅಂದು ಸಂಜೆ ಪಾಟಲಿಗಳು ಜಗಲಿಯಿಂದ ತಿರುಗಿ ಪೆಟ್ಟಿಗೆ ಸೇರಿದವು. ಪಾಸ್‌ಪೋರ್ಟನ್ನು ಏಜೆಂಟನಿಂದ ಬಿಡಿಸಿಕೊಳ್ಳಲು ತಂದೆಯವರು ಮೂರು ಸಲ ತಿರುಗಾಡಿದರು. ಪೊಲೀಸ್ ಠಾಣೆಗೆ ಹೋಗುತ್ತೇನೆಂದ ಮೇಲೆ ಕೊಟ್ಟನಂತೆ. ಹುಡುಗಿ ಈಗ ಹುಬ್ಬಳ್ಳಿಯಲ್ಲಿ ಪಾಳಿ ಮುಗಿಸಿ ರಾತ್ರಿ ಜರ್ಮನ್ ಓದುತ್ತಿದ್ದಾಳೆ, ಮಾನ್ಯತೆಯ ದಾರಿಯಿಂದಲೇ ಹೋಗುವುದಾಗಿ ಹೇಳಿದ್ದಾಳೆ. ಪಿಯುಸಿ ಮುಗಿಸಿದ ಅವಳ ತಮ್ಮನಿಗೆ ಸೇವಾವರ್ಷದ ಮೇಲೆ ಮನಸ್ಸಾಗಿದೆ. ಅವನು ಮೊದಲು ಊರಲ್ಲೇ ಆರು ತಿಂಗಳು ಯಾವುದಾದರೂ ವೃದ್ಧಾಶ್ರಮದಲ್ಲಿ ದುಡಿದು ನೋಡಲಿ, ಆಮೇಲೆ ಅರ್ಜಿ ಎಂದಿದ್ದೇನೆ.

ಅವಳ ಪತ್ರವನ್ನು ನಾನು ತಂದಿದ್ದೇನೆ. ಬರುವ ಸೋಮವಾರ ಆ ಮಠಕ್ಕೆ ಹೋಗಿ, 2019ರಲ್ಲಿ ಪರಿಹಾರ ಕೇಂದ್ರ ನೋಡಿಕೊಂಡಿದ್ದ ಹಿರಿಯರನ್ನು ಕೂಡಿಸಿಕೊಂಡು, ತಾರೀಖು ತಾಸು ಸಮೇತ ಹೊಸದಾಗಿ ಬರೆಸಬೇಕಾಗಿದೆ. ಅಂದು ಆ ಕೇಂದ್ರದಲ್ಲಿ ದುಡಿದ ಇತರ ತರುಣ ತರುಣಿಯರು ಈ ಸಂಚಿಕೆ ಓದುತ್ತಿದ್ದರೆ ಅವರೂ ಬರಲಿ, ಒಂದೇ ಸಲಕ್ಕೆ ಎಲ್ಲರದ್ದೂ ಆಗುತ್ತದೆ.